ಹಾಳೆಯ ಹಿಂಬದಿಯಲ್ಲಿ ಬರೆದದ್ದು

ಮಹಡಿಯ ಮೇಲೆ ಹಪ್ಪಳ ಒಣಹಾಕಿದ ದಿನ ನಾವೆಲ್ಲ ಗಳಿಗೆಗೊಮ್ಮೆ ಆಕಾಶ ನೋಡುತ್ತೇವೆ. ಮನೆ ಮುಂದೆ ಮದುವೆಯ ಚಪ್ಪರ ಎದ್ದಾಗಲೂ ಅಷ್ಟೇ. ಕೆಲಸ ಮುಗಿಯಿತೆಂದರೆ ತಲೆಯೆತ್ತುವ ಪ್ರಸಂಗವೇ ಬರುವುದಿಲ್ಲ. ಆಕಾಶ ನೋಡುವುದನ್ನೇ ನಿತ್ಯದ ಅಭ್ಯಾಸ ಮಾಡಿಕೊಂಡಿದ್ದವನು ಇಂಗ್ಲೆಂಡಿನ ನಿಸರ್ಗ ಚಿತ್ರಕಾರ ಜಾನ್ ಕಾನ್‌ಸ್ಟೆಬಲ್. 1776ರಲ್ಲಿ ಸಫೋಕ್ ಸೀಮೆಯ ಹಳ್ಳಿಯೊಂದರಲ್ಲಿ ಹುಟ್ಟಿದ. ತಂದೆಗೆ ಹಿಟ್ಟಿನ ಗಿರಣಿಗಳಿದ್ದವು. ಹುಡುಗನೂ ಕೆಲಕಾಲ ಗಾಳಿಗಿರಣಿಯಲ್ಲಿ ದುಡಿದ. ಗಾಳಿ ಯಾವ ಕಡೆಯಿಂದ ಬೀಸುತ್ತಿದೆ, ಅದರ ಬಿರುಸೆಷ್ಟು ಎಂದು ತಿಳಿಯದವನ ಕೈಗೆ ಅಂಥ ಗಿರಣಿ ಒಪ್ಪಿಸುವಂತಿಲ್ಲ. ಬಿರುಗಾಳಿಗೆ ಮೊದಲೇ ರೆಕ್ಕೆಗಳನ್ನು ನಿಲ್ಲಿಸದಿದ್ದರೆ ಗಿರಣಿಗೇ ಅಪಾಯ. ಆಕಾಶದ ಮೊದಲ ಪಾಠ ಅವನಿಗೆ ಅಲ್ಲಿಯೇ ಆಗಿರಬೇಕು.

ಮುಂದೆ ಅವನ ಸಂಸಾರ ಲಂಡನ್ನಿನಲ್ಲಿ ನೆಲೆಸಿತು. ಹೆಂಡತಿ ಮರಿಯಾಳ ಆರೋಗ್ಯ ಸರಿಯಿರಲಿಲ್ಲ. ಹೊಗೆಯಿಂದ ದೂರವಿರಲೆಂದು 1819ರಿಂದ ಹ್ಯಾಂಪ್‌ಸ್ಟೆಡ್ ಎಂಬ ಎತ್ತರದ ಊರಿನಲ್ಲಿ ಬೇಸಿಗೆಯ ಹೊತ್ತಿಗೆ ಬಾಡಿಗೆ ಮನೆ ಹಿಡಿಯತೊಡಗಿದರು. ಬಯಲು ಪಕ್ಕದಲ್ಲೇ ಇತ್ತು. 1821 ಮತ್ತು 1822ರಲ್ಲಿ ಕಾನ್‌ಸ್ಟೆಬಲ್ ಅಲ್ಲಿ ನಿಂತು ಸಣ್ಣ ಸಣ್ಣ ಕಾಗದಗಳ ಮೇಲೆ ಎಣ್ಣೆಬಣ್ಣದಲ್ಲಿ ಆಕಾಶ ಬರೆದ. ಕೆಲವದರಲ್ಲಿ ಅಂಚಿಗೆ ಮರದ ತುದಿಯಷ್ಟೇ ಕಾಣುತ್ತದೆ. ಹಲವದರಲ್ಲಿ ಮೋಡ ಬಿಟ್ಟರೆ ಬೇರೇನಿಲ್ಲ. ಮೋಡ ಯಾರಿಗಾಗಿಯೂ ನಿಲ್ಲುವುದಿಲ್ಲವಾದ್ದರಿಂದ ಒಂದು ಬಣ್ಣ ಆರುವ ಮೊದಲೇ ಇನ್ನೊಂದನ್ನು ಕೂಡಿಸಿ ಬೇಗ ಮುಗಿಸಬೇಕಾಗುತ್ತಿತ್ತು. ಮುಗಿದ ಮೇಲೆ ಹಾಳೆ ತಿರುಗಿಸಿ ಹಿಂದೆ ಬರೆದಿಡುತ್ತಿದ್ದ: ತಾರೀಖು, ಹೊತ್ತು, ಮುಖ ಮಾಡಿದ್ದ ದಿಕ್ಕು, ಗಾಳಿಯ ಬಗೆ. 1822ರ ಸೆಪ್ಟೆಂಬರ್ 5ರ ಹಾಳೆಯ ಹಿಂದೆ ಹೀಗೊಂದು ಬರಹವಿದೆ. ನಡುಹಗಲು, ಆಗ್ನೇಯಕ್ಕೆ ಮುಖ. ಗಾಳಿ ಬಿರುಸಾಗಿದೆ, ಮೋಡಗಳು ವೇಗವಾಗಿ ಓಡುತ್ತಿವೆ, ನಡುನಡುವೆ ತೆರೆದುಕೊಂಡಲ್ಲಿ ನೀಲಿ ತುಂಬ ಹೊಳೆಯುತ್ತಿದೆ ಎಂಬುದು ಅದರ ತಾತ್ಪರ್ಯ.

ಚಿತ್ರದಲ್ಲಿ ಆಕಾಶವೆಂದರೆ ವಸ್ತುಗಳ ಹಿಂದೆ ಕಟ್ಟಿದ ಬಿಳಿ ಬಟ್ಟೆಯಂತಿದ್ದರೆ ಸಾಕು ಎಂದು ಅವನಿಗೆ ಬುದ್ಧಿ ಹೇಳಿದವರಿದ್ದರು. ಅವನು ಒಪ್ಪಲಿಲ್ಲ. ನೆಲದ ಮೇಲಿರುವ ಎಲ್ಲಕ್ಕೂ ಬೆಳಕು ಬರುವುದು ಅಲ್ಲಿಂದಲೇ, ಅದನ್ನು ಸರಿಯಾಗಿ ಅರಿಯದೆ ಮರ, ನೀರು, ಗಾಡಿ ಯಾವುದನ್ನೂ ಬರೆಯಲಾಗದು ಎಂಬುದು ಅವನ ನಿಲುವು. ಈ ಹಾಳೆಗಳನ್ನು ಪ್ರದರ್ಶನಕ್ಕೆಂದು ಮಾಡಿದ್ದಲ್ಲ, ಮಾರಾಟಕ್ಕೂ ಅಲ್ಲ. ಎಷ್ಟೋ ಹಾಳೆಗಳು ಮನೆಯಲ್ಲೇ ಉಳಿದವು. 1828ರಲ್ಲಿ ಮರಿಯಾ ಕ್ಷಯದಿಂದ ತೀರಿಕೊಂಡಳು, 1837ರಲ್ಲಿ ಅವನೂ ಹೋದ. 1822ರಲ್ಲೇ ಹುಟ್ಟಿದ ಮಗಳು ಇಸಬೆಲ್ ಆ ಹಾಳೆಗಳಲ್ಲಿ ಹಲವನ್ನು 1888ರಲ್ಲಿ ಲಂಡನ್ನಿನ ವಸ್ತುಸಂಗ್ರಹಾಲಯಕ್ಕೆ ಕೊಟ್ಟಳು. ಹವಾಮಾನ ಬಲ್ಲವರು ಹಿಂಬದಿಯ ಬರಹವನ್ನು ಆ ಕಾಲದ ಹವಾಮಾನದ ದಾಖಲೆಗಳೊಂದಿಗೆ ಹೋಲಿಸಿ ನೋಡಿದಾಗ ಬಹುಮಟ್ಟಿಗೆ ತಾಳೆಯಾಯಿತು.

ನನಗಂತೂ ಮುಂಬದಿಯ ಚಿತ್ರದಷ್ಟೇ ಹಿಂಬದಿಯ ಆ ಎರಡು ಸಾಲು ದೊಡ್ಡದೆನಿಸುತ್ತದೆ. ಹ್ಯಾಂಪ್‌ಸ್ಟೆಡ್ಡಿನ ಆಕಾಶವೇ ಇಂಥದ್ದು ಎಂಬ ತೀರ್ಪು ಅದರಲ್ಲಿಲ್ಲ. ಈ ದಿನ, ಈ ಹೊತ್ತು, ಈ ಗಾಳಿಗೆ ಕಂಡದ್ದು ಇದು, ಅಷ್ಟೇ. ಮರುದಿನ ಹೊಸ ಹಾಳೆ. ಮನೆಯವರ ವಿಷಯದಲ್ಲಿ ನಾವು ಇಷ್ಟು ತಾಳ್ಮೆ ತೋರುವುದಿಲ್ಲ. ಮೈದುನ ಜಿಪುಣ, ಅತ್ತೆಯವರದು ಚುಚ್ಚುಮಾತು, ದೊಡ್ಡ ಮಗನಿಗೆ ಜವಾಬ್ದಾರಿಯಿಲ್ಲ ಎಂದು ಎಂದೋ ಒಂದು ದಿನ ಕಂಡದ್ದನ್ನು ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿಬಿಡುತ್ತೇವೆ. ಆ ದಿನ ಯಾವ ಗಾಳಿ ಬೀಸಿತ್ತು, ಜೇಬಿನಲ್ಲಿ ಎಷ್ಟಿತ್ತು, ಹಿಂದಿನ ರಾತ್ರಿ ನಿದ್ದೆ ಬಂದಿತ್ತೇ ಎಂಬುದೆಲ್ಲ ಮರೆತುಹೋಗಿರುತ್ತದೆ. ಮೈದುನನಿಗೆ ಆಗ ಸಾಲದ ಕಂತು ಇತ್ತೇನೋ. ಈಗ ತೀರಿರಬಹುದು, ಹೋಗಿ ವಿಚಾರಿಸಿದವರು ಯಾರು? ಸಂಜೆ ಏಳಕ್ಕೆ ಕಚೇರಿಯಿಂದ ಬಂದ ಸೊಸೆ ಚಪ್ಪಲಿ ಬಿಡುತ್ತಲೇ ಒರಟಾಗಿ ಉತ್ತರ ಕೊಟ್ಟರೆ ಅದನ್ನು ಸಂಜೆ ಏಳರ ಲೆಕ್ಕಕ್ಕೇ ಬರೆದುಕೊಳ್ಳೋಣ. ಕೇಳಬೇಕಾದ ಮಾತು ಅರ್ಧ ಗಂಟೆ ತಡವಾದರೆ ಕೆಡುವುದೇನಿಲ್ಲ. ಮೊದಲು ಒಂದು ಲೋಟ ಕಾಫಿ ಬೆರೆಸಿ ಕೊಟ್ಟು, ಇವತ್ತು ಬಸ್ಸಿನಲ್ಲಿ ಕೂರಲು ಜಾಗ ಸಿಕ್ಕಿತೇನಮ್ಮ ಎಂದು ವಿಚಾರಿಸಬಹುದು.