ಕೊನೆಗೆ ಬಂದವಳ ರಕ್ತ

ಬಡವರಿಗೆ ಕಾಯಿಲೆ ಹೆಚ್ಚು. ಯಾಕೆಂದು ಕೇಳಿದರೆ ಕಾರಣಗಳಿಗೇನೂ ಬರವಿಲ್ಲ: ಊಟ ಸಾಲದು, ನೀರು ಕೊಳಕು, ಆಸ್ಪತ್ರೆ ದೂರ. ಬೀಡಿ, ಕುಡಿತ ಎಂದು ಅವರ ಮೇಲೇ ಗೂಬೆ ಕೂರಿಸುವವರೂ ಉಂಟು. ಇವನ್ನೆಲ್ಲ ಬದಿಗಿಟ್ಟು, ಎಲ್ಲರಿಗಿಂತ ಕೆಳಗಿರುವುದೊಂದನ್ನೇ ಉಳಿಸಿಕೊಂಡರೆ ಮೈಗೆ ಏನಾಗುತ್ತದೆ? ಮನುಷ್ಯರ ಮೇಲೆ ಇಂಥ ಪರೀಕ್ಷೆ ನಡೆಸಲಾಗದು. ಕೋತಿಗಳ ಮೇಲೆ ನಡೆಸಿದ್ದಾರೆ.

ಅಮೆರಿಕದ ಅಟ್ಲಾಂಟಾದಲ್ಲಿ, ಆಗ ಯರ್ಕೀಸ್ ಎಂಬ ಹೆಸರಿದ್ದ ಸಂಶೋಧನಾ ಕೇಂದ್ರದಲ್ಲಿ, ಒಂದಕ್ಕೊಂದು ಪರಿಚಯವಿಲ್ಲದ 45 ಹೆಣ್ಣು ರೀಸಸ್ ಕೋತಿಗಳನ್ನು ಐದೈದರ ಗುಂಪು ಮಾಡಿದರು. ಒಮ್ಮೆಗೇ ಬಿಡದೆ ಒಂದಾದ ಮೇಲೊಂದರಂತೆ ಒಳಗೆ ಬಿಟ್ಟರು. ಸಾಮಾನ್ಯವಾಗಿ ಮೊದಲು ಬಂದವಳೇ ಯಜಮಾನಿಯಾದಳು, ಕೊನೆಗೆ ಬಂದವಳು ಎಲ್ಲರಿಗೂ ಕೆಳಗಾದಳು. ಆಹಾರ, ಆರೈಕೆ ಎಲ್ಲರಿಗೂ ಒಂದೇ. ಆದರೂ ಮೇಲಿನವಳು ಹತ್ತಿರ ಬಂದರೆ ಕೆಳಗಿನವಳು ಕೂತ ಜಾಗ ಬಿಟ್ಟೇಳಬೇಕು. ಗದರಿಕೆಯಲ್ಲಿ ಅವಳಿಗೆ ದೊಡ್ಡ ಪಾಲು. ಪಕ್ಕದಲ್ಲಿ ಕೂತು ಕೂದಲು ಬಿಡಿಸಿ ಹೇನು ಹೆಕ್ಕುವವರು ಮಾತ್ರ ಕಡಿಮೆ.

ಜೆನ್ನಿ ಟಂಗ್ ಮತ್ತು ಸಂಗಡಿಗರು ಇವುಗಳ ಬಿಳಿ ರಕ್ತಕಣಗಳನ್ನು ಪರೀಕ್ಷಿಸಿ, 2016ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ವರದಿ ಮಾಡಿದರು. ರಕ್ತದ ಮಾದರಿಗೆ ಬ್ಯಾಕ್ಟೀರಿಯಾದ ಹೊರಪದರದ ಅಂಶ ಬೆರೆಸಿದಾಗ, ಕೆಳಗಿನವರಲ್ಲಿ ಉರಿಯೂತಕ್ಕೆ ಸಂಬಂಧಿಸಿದ ಜೀನ್‌ಗಳು ಹೆಚ್ಚು ಕೆರಳಿದವು. ಮೇಲಿನವರಲ್ಲಿ ವೈರಸ್ ಎದುರಿಸುವ ಜೀನ್‌ಗಳು ಚುರುಕಾದವು. ಗಾಯವಾದಾಗ ಉರಿಯೂತ ಬೇಕೇ ಬೇಕು. ಆದರೆ ಅದು ಆರದೆ ಉಳಿದರೆ ಹೃದ್ರೋಗ, ಮಧುಮೇಹಗಳಿಗೆ ದಾರಿ.

ಹಾಗೆಂದು ಯಜಮಾನಿಕೆಯೇನೂ ಸುಪ್ಪತ್ತಿಗೆಯಲ್ಲ. ಕೆನ್ಯಾದ ಅಂಬೋಸೆಲಿಯ ಬಬೂನ್ ಹಿಂಡುಗಳಲ್ಲಿ ಮೊದಲ ಸ್ಥಾನದ ಗಂಡಿಗೆ ಎರಡನೆಯವನಿಗಿಂತ ಒತ್ತಡದ ಹಾರ್ಮೋನ್ ಜಾಸ್ತಿ. ಆದರೂ ಗಾಯ ಬೇಗ ಮಾಯುವುದು ಅವನಿಗೇ! ಒತ್ತಡಗಳಲ್ಲೂ ಅಂತರವಿದೆ ಎನ್ನಬೇಕು. ಗದ್ದುಗೆ ಕಾಯುವವನ ಒತ್ತಡ ಬೇರೆ, ಕೂತಲ್ಲಿಂದ ಎಬ್ಬಿಸಿಕೊಳ್ಳುವವರ ಒತ್ತಡ ಬೇರೆ.

ಅಟ್ಲಾಂಟಾದ ಪ್ರಯೋಗ ಅಷ್ಟಕ್ಕೇ ಮುಗಿಯಲಿಲ್ಲ. ವರ್ಷದ ಬಳಿಕ ಗುಂಪುಗಳನ್ನು ಒಡೆದು, ಹೆಚ್ಚುಕಡಿಮೆ ಒಂದೇ ಸ್ಥಾನದಲ್ಲಿದ್ದವರನ್ನು ಒಟ್ಟಿಗೆ ಸೇರಿಸಿ, ಮತ್ತೆ ಸರದಿಯಂತೆ ಒಳಗೆ ಬಿಟ್ಟರು. ಹಿಂದೆ ಕೊನೆಯಲ್ಲಿದ್ದ ಕೆಲವರು ಈಗ ಮೇಲೇರಿದರು, ಯಜಮಾನಿಯರಾಗಿದ್ದ ಕೆಲವರು ಕೆಳಗಿಳಿದರು. ಅವರ ರಕ್ತಕಣಗಳಲ್ಲಿ ಜೀನ್‌ಗಳ ವರ್ತನೆಯೂ ಹೊಸ ಸ್ಥಾನಕ್ಕೆ ತಕ್ಕಂತೆ ಬದಲಾಯಿತು. ಕೊನೆಗೆ ಬಂದವಳ ಮೈಯಲ್ಲಿ ಹುಟ್ಟುದೋಷವೇನೂ ಇರಲಿಲ್ಲ.