ಕೊಟ್ಟ ಕೌದಿ ಯಾರದು?

2009ರ ಸೆಪ್ಟೆಂಬರ್ ಕೊನೆಗೆ ಹಿಡಿದ ಮಳೆ ಅಕ್ಟೋಬರ್ ಬಂದರೂ ಬಿಡಲಿಲ್ಲ. ಮಲಪ್ರಭೆ ಉಕ್ಕಿ ನರಗುಂದ ತಾಲ್ಲೂಕಿನ ಕೊಣ್ಣೂರು, ರೋಣ ತಾಲ್ಲೂಕಿನ ಹೊಳೆಆಲೂರು ಕಡೆಯ ಊರುಗಳಿಗೆ ನುಗ್ಗಿತು. ಮಣ್ಣಿನ ಗೋಡೆಗಳು ನೆನೆದು ಕುಸಿದವು. ನರಗುಂದದ ನಮ್ಮ ಓಣಿಯ ಹುಡುಗರು ಒಂದು ಟ್ರ್ಯಾಕ್ಟರ್ ತಂದು ನಿಲ್ಲಿಸಿ ಮನೆಮನೆಯಿಂದ ರೊಟ್ಟಿ, ಅರಿವೆ, ಹಾಸಿಗೆ ಕೂಡಿಸುತ್ತಿದ್ದರು. ಅದರಲ್ಲಿ ಈದ್ಗಾದ ಕಡೆಯ ಹುಡುಗರೂ ಇದ್ದರು, ಗುಡಿಯ ಕಡೆಯ ಹುಡುಗರೂ ಇದ್ದರು. ಆ ಎಂಟು ದಿನ ಯಾರೂ ಯಾರ ಹೆಸರನ್ನೂ ಕೇಳಲಿಲ್ಲ.

ನಾವೂ ಟ್ರಂಕು ತೆಗೆದೆವು. ಹೊಚ್ಚಿಕೊಳ್ಳುವಂಥವು ಅದರಲ್ಲಿ ಎರಡಿದ್ದವು. ಒಂದು ಸೋಲಾಪುರದ ಚಾದರ, ಅಂಗಡಿಯ ಪ್ಲಾಸ್ಟಿಕ್ ಚೀಲದಿಂದ ಇನ್ನೂ ಹೊರಗೆ ಬಂದಿರಲಿಲ್ಲ. ಇನ್ನೊಂದು ಗಜೇಂದ್ರಗಡದ ಖಾಲಾ, ಅಂದರೆ ನಮ್ಮ ತಾಯಿಯ ತಂಗಿ, 2004ರಲ್ಲಿ ನಮ್ಮ ಮಗಳು ಹುಟ್ಟಿದಾಗ ಹೊಲಿದು ತಂದ ಕೌದಿ. ಕೌದಿಯನ್ನು ಕೊಟ್ಟೆವು. ಚಾದರವನ್ನು ಮಡಿಚಿ ಮತ್ತೆ ಒಳಗಿಟ್ಟೆವು. ಕೊಟ್ಟ ಹೊತ್ತಿಗೆ ಮನಸ್ಸು ಹಗುರವಾಗಿಯೇ ಇತ್ತು. ನೆರೆಯವರ ಕಷ್ಟಕ್ಕೆ ಮನೆಯ ಆಪ್ತ ವಸ್ತುವನ್ನೇ ಕೊಟ್ಟೆವೆಂಬ ಸಣ್ಣ ಹೆಮ್ಮೆಯೂ ಇದ್ದಿರಬೇಕು.

ಕೌದಿ ಎಂದರೇನೆಂದು ಉತ್ತರ ಕರ್ನಾಟಕದವರಿಗೆ ಹೇಳಬೇಕಿಲ್ಲ. ಬೇರೆ ಕಡೆಯ ಓದುಗರಿಗಾಗಿ ಎರಡು ಮಾತು. ನಮ್ಮ ಮನೆಯ ದಖನಿಯಲ್ಲಿ ಅದು ಗೋಧಡಿ, ಓಣಿಯ ಕನ್ನಡದಲ್ಲಿ ಕೌದಿ. ಹಳೆಯ ಹತ್ತಿ ಪತ್ತಲವೊಂದನ್ನು ನೆಲಕ್ಕೆ ಹಾಸಿ, ಮೂಲೆಗಳಿಗೆ ಕಲ್ಲನ್ನೋ ತಂಬಿಗೆಯನ್ನೋ ಇಟ್ಟು, ಅದರ ಮೇಲೆ ಹರಿದ ಧೋತರ, ಅಂಗಿ, ಕುಬಸದ ತುಂಡುಗಳನ್ನು ಪದರ ಪದರವಾಗಿ ಹರವುತ್ತಾರೆ. ಬಳಿಕ ಅಂಚಿನಿಂದ ಒಳಕ್ಕೆ ದಪ್ಪ ದಾರದ ಸಾಲು ಹೊಲಿಗೆ. ಅಡುಗೆ, ಬಟ್ಟೆ, ನೀರು ಮುಗಿದ ಮೇಲಿನ ಮಧ್ಯಾಹ್ನಗಳಲ್ಲಿ ಮಾತ್ರ ಈ ಕೆಲಸ. ಹೀಗಾಗಿ ಒಂದು ಕೌದಿಗೆ ಒಂದೂವರೆ ಎರಡು ತಿಂಗಳು ಹಿಡಿಯುತ್ತದೆ. ಯಾವ ಮನೆಯ ಕೌದಿಯೋ ಆ ಮನೆಯವರ ಮೈಮೇಲಿನ ಅರಿವೆಯೇ ಅದರಲ್ಲಿ ಇರುತ್ತದೆ. ನಮ್ಮದರಲ್ಲಿ ತೀರಿಹೋದ ಅಜ್ಜನ ಧೋತರವಿತ್ತು, ತಾಯಿಯ ಮದುವೆಯ ಇಳಕಲ್ ಸೀರೆಯ ಕೆಂಪು ಸೆರಗಿನ ಒಂದು ಗೇಣು ಇತ್ತು. ಯಲ್ಲಾಪುರ, ಹಳಿಯಾಳದ ಕಾಡುಗಳಲ್ಲಿರುವ ಸಿದ್ದಿ ಹೆಂಗಸರೂ ಇಂಥದ್ದನ್ನೇ ಹೊಲಿಯುತ್ತಾರೆ, ಕವಂದಿ ಎನ್ನುತ್ತಾರೆ. ಅದರ ನಾಲ್ಕು ಮೂಲೆಗಳಿಗೆ ಮಡಿಚಿದ ಬಣ್ಣದ ಅರಿವೆಯ ಹೂ ಕೂರಿಸುತ್ತಾರೆ. ಹೂವಿಲ್ಲದಿದ್ದರೆ ಕವಂದಿ ಬೆತ್ತಲೆ ಎಂದು ಅವರ ಲೆಕ್ಕ. ಅವರಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತ ಮೂವರೂ ಇದ್ದಾರೆ, ಹೊಲಿಗೆ ಮಾತ್ರ ಒಂದೇ.

ಆ ವರ್ಷದ ಬಕ್ರೀದ್ ನವೆಂಬರ್ ಕೊನೆಗೆ ಬಂತು. ಹಬ್ಬಕ್ಕೆ ಬಂದ ಖಾಲಾ ರಾತ್ರಿ ಮಲಗುವಾಗ ಮಗುವಿಗೆ ಹೊಚ್ಚಲು ಕೌದಿ ಕೇಳಿದರು. ನಾವು ಇದ್ದದ್ದನ್ನು ಹೇಳಿದೆವು. ‘ದಿಯೇ ಸೋ ಅಚ್ಛಾಚ್ ಕರೇ’ ಎಂದರು, ಕೊಟ್ಟದ್ದು ಒಳ್ಳೆಯದೇ ಮಾಡಿದಿರಿ ಎಂದು. ಸ್ವಲ್ಪ ಹೊತ್ತು ಬಿಟ್ಟು, ಟ್ರಂಕಿನಿಂದ ನಾವು ತೆಗೆದುಕೊಟ್ಟ ಚಾದರದ ಪ್ಲಾಸ್ಟಿಕ್ ಚೀಲವನ್ನು ಬಿಚ್ಚುತ್ತಾ ಕೇಳಿದರು: ಮತ್ತೆ ಇದನ್ನು ಯಾಕೆ ಕೊಡಲಿಲ್ಲ, ಬೇಟಾ?

ಅವರ ದನಿಯಲ್ಲಿ ಕೋಪವಿರಲಿಲ್ಲ, ತಿಳಿಯದ್ದನ್ನು ಕೇಳುವವರ ಹಾಗೆ ಕೇಳಿದರು. ಹದಿನಾರು ವರ್ಷವಾಯಿತು, ಆ ಪ್ರಶ್ನೆಗೆ ನಾವು ನೆಟ್ಟಗೆ ಉತ್ತರ ಕೊಟ್ಟಿಲ್ಲ.

ಮೊದಮೊದಲು ನಾವು ನಮ್ಮ ಪರವಾಗಿಯೇ ವಾದ ಹೂಡಿಕೊಂಡೆವು. ಅದಕ್ಕೆ ಒದಗುವ ಕಥೆಗಳು ನಮ್ಮ ಎರಡೂ ಪರಂಪರೆಗಳಲ್ಲಿ ಇವೆ. ಬುಖಾರಿಯ ಹದೀಸಿನಲ್ಲಿ ಒಬ್ಬ ಹೆಂಗಸು ತನ್ನ ಕೈಯಿಂದಲೇ ನೇಯ್ದ, ಅಂಚುಳ್ಳ ಹೊದಿಕೆಯೊಂದನ್ನು ಪ್ರವಾದಿಯವರಿಗೆ ತಂದುಕೊಡುತ್ತಾಳೆ. ಅವರಿಗೆ ಅದರ ಅಗತ್ಯವಿತ್ತು, ಉಟ್ಟುಕೊಂಡು ಹೊರಗೆ ಬಂದರು. ಒಬ್ಬ ಅದನ್ನು ತನಗೆ ಬೇಕೆಂದ, ಕೊಟ್ಟುಬಿಟ್ಟರು. ಕೇಳಿದವರಿಗೆ ಇಲ್ಲವೆನ್ನದವರ ಹತ್ತಿರ ಕೇಳಿದೆಯಲ್ಲ ಎಂದು ಜನ ಬಯ್ದರು. ತನ್ನ ಕಫನಿಗೆಂದು ಕೇಳಿದೆ ಎಂದ ಆತ, ಕೊನೆಗೆ ಅದು ಅವನ ಕಫನೇ ಆಯಿತು. ಇತ್ತ ಸುರಪುರ ಸೀಮೆಯ ಮುದನೂರಿನ ನೇಕಾರ ಜೇಡರ ದಾಸಿಮಯ್ಯನ ಕಥೆಯೂ ಅಂಥದ್ದೇ. ಆತ ನೇಯ್ದ ಅಪರೂಪದ ವಸ್ತ್ರಕ್ಕೆ ಸಂತೆಯಲ್ಲಿ ಬೆಲೆ ಕಟ್ಟುವವರು ಸಿಗಲಿಲ್ಲ. ಮರಳಿ ಬರುವಾಗ ಚಳಿಯಲ್ಲಿ ನಡುಗುವ ಮುದುಕನೊಬ್ಬ ಬೇಡಿದ, ಕೊಟ್ಟ. ಮುದುಕ ಕಣ್ಣೆದುರೇ ಅದನ್ನು ಸೀಳಿ ಒಂದು ಚೂರು ತಲೆಗೆ, ಒಂದು ಮೈಗೆ, ಉಳಿದದ್ದನ್ನು ಕೈಗೆ, ಕಾಲಿಗೆ, ಕೋಲಿಗೂ ಸುತ್ತಿಕೊಂಡ. ಬೇಸರವಾಯಿತೇ ಎಂದು ಕೇಳಿದರೆ, ಕೊಟ್ಟ ಮೇಲೆ ಅದು ನಿನ್ನದಲ್ಲವೇ ಎಂದನಂತೆ ದಾಸಿಮಯ್ಯ.

ಕೊಟ್ಟದ್ದು ಪಡೆದವನದು, ಅವನು ಹರಿಯಲಿ, ಇನ್ನೊಬ್ಬರಿಗೆ ಕೊಡಲಿ, ಕೊಟ್ಟವರು ಕೇಳುವಂತಿಲ್ಲ. ನಮ್ಮ ವಾದ ಇಲ್ಲಿಗೆ ಮುಗಿಯಬಹುದಿತ್ತು. ಆದರೆ ಹದೀಸಿನಲ್ಲಿ ಹೊದಿಕೆ ಅಗತ್ಯವಿದ್ದವರ ಮೈಮೇಲಿಂದ ಇಳಿದುಹೋಯಿತು. ನಮ್ಮದು ಟ್ರಂಕಿನಿಂದ ಹೋಯಿತು, ಅದೂ ಎರಡನ್ನು ತೂಗಿ ನೋಡಿದ ಮೇಲೆ. ತೂಗುವಾಗ ನಮ್ಮ ಕೈಯಲ್ಲಿದ್ದ ಕಲ್ಲು ಯಾವುದು? ಚಾದರಕ್ಕೆ ನಾನೂರು ರೂಪಾಯಿ ಎಣಿಸಿದ ನೆನಪಿತ್ತು. ಕೌದಿಗೆ ಯಾವ ಅಂಕಿಯೂ ಇರಲಿಲ್ಲ. ಅಂಕಿಯಿಲ್ಲದ್ದು ಪುಕ್ಕಟೆ ಬಂದದ್ದು, ಪುಕ್ಕಟೆ ಬಂದದ್ದು ಹೋದರೆ ನಷ್ಟವಿಲ್ಲ. ಇಷ್ಟೇ ನಮ್ಮ ಔದಾರ್ಯದ ಒಳಗಿದ್ದ ಗಣಿತ. ಇನ್ನೊಂದು ಮಾತೂ ಇದೆ. ಆ ಕೌದಿ ನಮ್ಮದೇ ಆಗಿರಲಿಲ್ಲ. ಅದು ಐದು ವರ್ಷದ ಮಗಳದು. ಅವಳನ್ನು ನಾವು ಕೇಳಿರಲಿಲ್ಲ.

ಹದೀಸಿನ ಆ ನೇಯುವ ಹೆಂಗಸಿನ ಬಗ್ಗೆಯೂ ನಮಗೆ ಒಂದು ಕುತೂಹಲ ಉಳಿದಿದೆ. ತಾನು ನೇಯ್ದದ್ದು ಇನ್ನೊಬ್ಬನ ಹೆಗಲ ಮೇಲೆ ಹೋದದ್ದನ್ನು ನೋಡಿ ಆಕೆಗೆ ಏನನ್ನಿಸಿತೋ ಕಥೆ ಹೇಳುವುದಿಲ್ಲ. ಕಥೆಗಾರರಾದ ನಮಗೆ ಅಲ್ಲೇ ಇನ್ನೊಂದು ಕಥೆ ಕಾಣುತ್ತದೆ. ಫ್ರಾನ್ಸಿನ ಮಾನವಶಾಸ್ತ್ರಜ್ಞ ಮಾರ್ಸೆಲ್ ಮೌಸ್ 1925ರಲ್ಲಿ ಬರೆದ ಉಡುಗೊರೆಯ ಕುರಿತ ಪ್ರಬಂಧದಲ್ಲಿ, ನ್ಯೂಜಿಲೆಂಡಿನ ಮಾವೊರಿ ಜನರು ಕೊಟ್ಟ ವಸ್ತುವಿನೊಳಗೆ ಕೊಟ್ಟವರದೇನೋ ಒಂದು ಜೀವ ಉಳಿದಿರುತ್ತದೆಂದು ನಂಬುವುದನ್ನು ವಿವರಿಸಿದ. ಅದು ಕೈಯಿಂದ ಕೈಗೆ ಹೋದರೂ ಹುಟ್ಟಿದ ಕಡೆಗೆ ತಿರುಗಿ ಎಳೆಯುತ್ತಿರುತ್ತದಂತೆ. ಖಾಲಾ ಮೌಸನನ್ನು ಓದಿಲ್ಲ. ಆದರೆ ಹೊಳೆಆಲೂರಿನ ಮಾತು ಬಂದಾಗಲೆಲ್ಲ ಅಲ್ಲಿ ಯಾರ ಮಗು ಅದರಡಿ ಮಲಗಿದೆಯೋ ಎಂದು ಕೇಳುತ್ತಾರೆ. ನಾವು ಕೊಟ್ಟು ಮರೆತೆವು. ಅವರಿಗೆ ಅದರ ಮೇಲೆ ಯಾವ ಹಕ್ಕೂ ಇಲ್ಲ, ಚಿಂತೆ ಮಾತ್ರ ಇದೆ.

ಕೈಯಲ್ಲಿ ಮಾಡಿದ್ದನ್ನು ಗುರುತಿಸಲಾರದ ಕಣ್ಣು ದೊಡ್ಡವರ ಮನೆಯಲ್ಲೂ ಇರುತ್ತದೆ. 1947ರ ನವೆಂಬರಿನಲ್ಲಿ ಇಂಗ್ಲೆಂಡಿನ ರಾಜಕುಮಾರಿ ಎಲಿಜಬೆತ್ ಮದುವೆಗೆ ಗಾಂಧೀಜಿ ತಾವೇ ನೂತ ನೂಲಿನಿಂದ ಹೆಣೆಸಿದ ಬಟ್ಟೆಯೊಂದನ್ನು ಕಳಿಸಿದರು. ಅದನ್ನು ನೋಡಿದ ಅಜ್ಜಿ ರಾಣಿ ಮೇರಿ, ಗಾಂಧಿ ತಮ್ಮ ಪಂಚೆಯನ್ನೇ ಕಳಿಸಿದ್ದಾರೆಂದು ಭಾವಿಸಿ ಸಿಟ್ಟಾದರೆಂದು ಹೇಳುತ್ತಾರೆ. ಪ್ರದರ್ಶನಕ್ಕಿಟ್ಟ ವಜ್ರ ವೈಢೂರ್ಯಗಳ ನಡುವೆ ಆ ನೂಲಿಗೂ ಅಂಕಿ ಇರಲಿಲ್ಲವಲ್ಲ.

ಇಲ್ಲಿಯವರೆಗಿನದು ನಮ್ಮ ತಪ್ಪಿನ ಕಥೆ. ಈಚೆಗೆ ಅದು ಇನ್ನೊಂದು ಮಗ್ಗುಲಿಗೆ ಹೊರಳಿತು. ಬೆಂಗಳೂರಿನಲ್ಲಿ ಓದುತ್ತಿರುವ ಮಗಳು, ಈಗ ಇಪ್ಪತ್ತೊಂದರವಳು, ಮೊಬೈಲಿನಲ್ಲಿ ಚಿತ್ರ ಕಳಿಸಿದಳು. ಮನೆ ಸಿಂಗರಿಸುವ ಸಾಮಾನಿನ ಅಂಗಡಿಯ ಗೋಡೆಯ ಮೇಲೆ ಒಂದು ಕೌದಿ. ಚೀಟಿಯಲ್ಲಿ 4,500 ರೂಪಾಯಿ. ‘ಅಬ್ಬಾ, ನಮ್ಮ ಮನೇಲಿ ಇಂಥದ್ದು ಇತ್ತಲ್ವಾ? ದಾದಿಮಾ ನನಗೊಂದು ಮಾಡಿಕೊಡ್ತಾರಾ?’ ಅವಳೂ ಅವಳ ಗೆಳತಿಯರೂ ಕೈಕೆಲಸದ ಹುಚ್ಚಿನವರು. ಖಾಲಿ ಬಾಟಲಿಗೆ ಉಲ್ಲನ್ ಸುತ್ತಿ ಹೂದಾನಿ ಮಾಡುತ್ತಾರೆ, ಹುಟ್ಟುಹಬ್ಬಕ್ಕೆ ರಟ್ಟಿನ ಚೌಕಟ್ಟು ಮಾಡಿ ಕೊಡುತ್ತಾರೆ. ಕೊಳ್ಳಬಲ್ಲವರು ಕೊಳ್ಳದೆ ಮಾಡುವ ಸುಖ ಅದು, ಅದನ್ನು ಹೀಗಳೆಯುವ ಮನಸ್ಸು ನಮಗಿಲ್ಲ. ಖಾಲಾ ಹೊಲಿದದ್ದು ಕೊಳ್ಳಲಾರದೆ. ಎರಡರ ನಡುವಿನ ಅಂತರವನ್ನು ಮಗಳಿಗೆ ಹೇಳಲು ಹೋಗಿ ನಾವೇ ತೊಡರಿಕೊಂಡೆವು.

ಏಕೆಂದರೆ ಅಂಗಡಿಯ ಕೌದಿಯನ್ನು ನೋಡಿ ನಮಗೆ ಮೊದಲು ಬಂದದ್ದು ಸಿಟ್ಟು. ಪ್ರೀತಿಗೆ ಹೊಲಿಯುವುದನ್ನು ಮಾರಾಟಕ್ಕಿಟ್ಟರಲ್ಲ ಎಂದು. ಆಮೇಲೆ ಲೆಕ್ಕ ಹಾಕಿದೆವು. ದಿನಕ್ಕೆ ನಾಲ್ಕು ತಾಸಿನಂತೆ ನಲವತ್ತು ಮಧ್ಯಾಹ್ನವೆಂದರೆ 160 ತಾಸು, ಅಂದರೆ ಎಂಟು ತಾಸಿನ ಇಪ್ಪತ್ತು ಆಳು. ಕರ್ನಾಟಕದಲ್ಲಿ ಉದ್ಯೋಗ ಖಾತರಿಯ ದಿನಗೂಲಿ 2024-25ರಲ್ಲಿ 349 ರೂಪಾಯಿ ಇತ್ತು. ಮಣ್ಣು ಹೊರುವ ಕೂಲಿಯ ದರಕ್ಕೇ ಹಿಡಿದರೂ ಒಂದು ಕೌದಿಗೆ 6,980 ರೂಪಾಯಿ ಆಗಬೇಕು. ಅಂಗಡಿಯವನ ಲಾಭ, ಬಾಡಿಗೆ ಸೇರಿಯೂ ಅದು 4,500ಕ್ಕೆ ಸಿಗುತ್ತಿದೆ. ಹಾಗಾದರೆ ಹೊಲಿದವಳಿಗೆ ಎಷ್ಟು ಮುಟ್ಟಿರಬಹುದು? ಮತ್ತು ಪ್ರೀತಿಗೆ ಬೆಲೆ ಕಟ್ಟಬಾರದೆಂಬ ನಮ್ಮ ಮಾತು ಇಷ್ಟು ವರ್ಷ ಯಾರಿಗೆ ಲಾಭ ತಂದಿತು? ಹೆಂಗಸರ ಮಧ್ಯಾಹ್ನಗಳನ್ನು ನಾವು ಲೆಕ್ಕಕ್ಕೆ ಹಿಡಿಯದೇ ಇದ್ದದ್ದು ಗೌರವದಿಂದಲೋ ಅನುಕೂಲದಿಂದಲೋ?

ನಮ್ಮ ಸೀಮೆಯಲ್ಲಿ ಕೈಗೆ ಬೆಲೆ ಇರಲೇ ಇಲ್ಲವೆಂಬುದೂ ಸುಳ್ಳು. ಜೋಳಕ್ಕೆ, ಹಳೆ ಸೀರೆಗೆ, ಒಂದಿಷ್ಟು ರೊಕ್ಕಕ್ಕೆ ಕೌದಿ ಹೊಲಿದುಕೊಡುತ್ತಾ ಓಣಿ ಓಣಿ ತಿರುಗುವ ಹೆಂಗಸರನ್ನು ನಾವು ಚಿಕ್ಕಂದಿನಲ್ಲಿ ನೋಡಿದ್ದೇವೆ. ನರಗುಂದದ ನೆರೆಯ ನವಲಗುಂದದಲ್ಲಿ ಜಮಖಾನ ನೇಯುವ ಮುಸ್ಲಿಂ ಹೆಂಗಸರಿದ್ದಾರೆ. ನವಿಲು, ಪಗಡೆಯ ಹಾಸು ಅವರ ಕೈಯಲ್ಲಿ ಮೂಡುತ್ತವೆ. ಮದುವೆಯಾಗಿ ಬೇರೆ ಮನೆಗೆ ವಿದ್ಯೆ ಒಯ್ದಾಳೆಂದು ಹೆತ್ತ ಮಗಳಿಗೂ ಕಲಿಸುತ್ತಿರಲಿಲ್ಲವೆಂದು ಅವರ ಬಗ್ಗೆ ಹೇಳುತ್ತಾರೆ. ತಮ್ಮ ಕೈಯ ಬೆಲೆ ಗೊತ್ತಿದ್ದವರೇ ಹಾಗೆ ಬಚ್ಚಿಡುವುದು. ಈಗ ಆ ಜಮಖಾನಕ್ಕೆ ಭೌಗೋಳಿಕ ಗುರುತಿನ ಮನ್ನಣೆ ಇದೆ, ನೇಯುವವರು ಬೆರಳೆಣಿಕೆಗೆ ಬಂದಿದ್ದಾರೆ. ಗಜೇಂದ್ರಗಡದ ಮಗ್ಗಗಳ ಪಟ್ಟೇದ ಅಂಚಿನ ಹತ್ತಿ ಸೀರೆಯದೂ ಹೆಚ್ಚುಕಡಿಮೆ ಇದೇ ಕಥೆ. ಹೊಲಕ್ಕೆ ಹೋಗುವವರು ಉಡುತ್ತಿದ್ದ, ಸವದತ್ತಿ ಯಲ್ಲಮ್ಮನಿಗೂ ಮದುಮಗಳಿಗೂ ಕೊಡುತ್ತಿದ್ದ ಸೀರೆ ಅದು. ಊರಲ್ಲಿ ಉಡುವವರು ಬಿಟ್ಟ ಮೇಲೆ ನಗರದವರು ಅದನ್ನು ಹುಡುಕಿಕೊಂಡು ಬಂದರು. ಇಂಗ್ಲೆಂಡಿನ ವಿಲಿಯಂ ಮಾರಿಸ್ ಹತ್ತೊಂಬತ್ತನೆಯ ಶತಮಾನದಲ್ಲೇ ಈ ಸಂಕಟ ಅನುಭವಿಸಿದ. ಎಲ್ಲರ ಮನೆಗೂ ಕೈಕೆಲಸದ ಚೆಲುವು ಬರಲೆಂದು ಹೊರಟವನು, ತನ್ನ ಪರದೆ, ಗೋಡೆಕಾಗದಗಳನ್ನು ಶ್ರೀಮಂತರಷ್ಟೇ ಕೊಳ್ಳುವುದನ್ನು ಕಂಡು ರೋಸಿಹೋಗಿದ್ದ.

ಇಷ್ಟೆಲ್ಲ ತಲೆಯಲ್ಲಿ ತುಂಬಿಕೊಂಡು ನಾವು ಗಜೇಂದ್ರಗಡಕ್ಕೆ ಹೋದೆವು. ಖಾಲಾಗೆ ಈಗ ಎಪ್ಪತ್ತೈದು ದಾಟಿದೆ. ದುಡ್ಡಿನ ಮಾತು ಎತ್ತಿದರೆ ಎದ್ದು ಒಳಗೆ ಹೋಗುತ್ತಾರೆಂದು ಹೆದರಿಕೆ ಇತ್ತು. ಮಗಳ ಆಸೆ ಹೇಳಿದೆವು. ಅವರ ಮಾತನ್ನು ಕನ್ನಡಕ್ಕಿಟ್ಟು ಹೇಳುತ್ತೇವೆ.

‘ಯಾರು ಹೊಚ್ಚಿಕೊಳ್ತಾರ?’

‘ಹೊಚ್ಚಿಕೊಳ್ಳಲಿಕ್ಕಲ್ಲ, ಖಾಲಾ. ಗ್ವಾಡಿಗೆ ಹಾಕ್ತಾಳಂತ.’

‘ಗ್ವಾಡಿಗೆ ಥಂಡಿ ಆಗ್ತೈತೇನು?’ ಎಂದು ನಕ್ಕರು. ನಕ್ಕು ಮುಗಿಸಿ, ‘ಗ್ವಾಡಿಗಾದ್ರ ಏಳು ಸಾವಿರ. ದಾರ ನಿಂದು. ಅವಳು ಹೊಚ್ಚಿಕೊಂಡು ಮಲಗ್ತೀನಿ ಅಂದ್ರ ರೊಕ್ಕ ಬ್ಯಾಡ, ಮನೀ ಅರಿವಿ ತಂದು ಕೊಡು’ ಎಂದರು.

ನಮ್ಮ ಲೆಕ್ಕದ 6,980 ಅವರಿಗೆ ಯಾರು ಹೇಳಿದರೋ ಗೊತ್ತಿಲ್ಲ. ಕಾಗದ ಪೆನ್ನಿಲ್ಲದೆ ಇಪ್ಪತ್ತು ರೂಪಾಯಿ ಹೆಚ್ಚಿಗೇ ಹೇಳಿದ್ದರು. ಅಷ್ಟೇ ಅಲ್ಲ, ಬೆರಳು ಈಗ ಮೊದಲಿನಂತೆ ಮಡಿಚುವುದಿಲ್ಲ, ಪಕ್ಕದ ಮನೆಯ ಸೊಸೆಯನ್ನು ಕರೆದುಕೊಳ್ಳುತ್ತೇನೆ, ಗೋಡೆಯದಾದರೆ ಅರ್ಧ ಅವಳಿಗೆ ಎಂದೂ ಸೇರಿಸಿದರು. ನಾವು ಕಲ್ಪಿಸಿಕೊಂಡ ಅವಮಾನ ಅವರ ಮುಖದಲ್ಲಿ ಎಲ್ಲೂ ಇರಲಿಲ್ಲ. ಪ್ರೀತಿ ಒಂದು ಖಾತೆ, ಕೂಲಿ ಇನ್ನೊಂದು ಖಾತೆ; ಯಾವುದು ಎಲ್ಲಿಗೆಂದು ಅವರಿಗೆ ಮೊದಲಿನಿಂದಲೂ ತಿಳಿದಿತ್ತು. ಕಲಸಿಹಾಕಿದವರು ನಾವು.

ಮಗಳಿಗೆ ಫೋನ್ ಮಾಡಿ ಎರಡೂ ದರ ಹೇಳಿದೆವು. ಅವಳು ಒಂದು ದಿನ ಯೋಚಿಸಿ, ಹೊಚ್ಚಿಕೊಂಡೇ ಮಲಗುತ್ತೇನೆ ಎಂದಳು. ಜೊತೆಗೆ ಪಕ್ಕದ ಮನೆಯ ಸೊಸೆಗೆಂದು ತನ್ನ ಉಳಿತಾಯದ ಮೂರೂವರೆ ಸಾವಿರ ಕಳಿಸಿದಳು. ಖಾಲಾ ಅದನ್ನು ಎರಡು ಸಲ ಎಣಿಸಿ ಆ ಹುಡುಗಿಯ ಕೈಯಲ್ಲಿಟ್ಟರಂತೆ.

ಕೆಲಸ ಶುರುವಾಗಿದೆ. ಮಗಳ ಶಾಲೆಯ ನೀಲಿ ಸಮವಸ್ತ್ರ, ನಮ್ಮ ಎರಡು ಅಂಗಿ ಹೋಗಿವೆ. ಅಡಿಗೆ ಹಾಸಲು ಹಳೆಯ ಹತ್ತಿ ಪತ್ತಲ ಬೇಕೆಂದು ಖಾಲಾ ಹೇಳಿಕಳಿಸಿದ್ದಾರೆ. ಪಾಲಿಯೆಸ್ಟರ್ ಜಾರುತ್ತದೆ, ಹೊಲಿಗೆ ನಿಲ್ಲುವುದಿಲ್ಲವಂತೆ. ನಮ್ಮ ಮನೆಯ ಕಪಾಟಿನಲ್ಲಿ ಇರುವವೆಲ್ಲ ಪಾಲಿಯೆಸ್ಟರಿನವೇ. ರೋಣದಲ್ಲಿ ತಾಯಿಯ ಹಳೆಯ ಪೆಟ್ಟಿಗೆಯೊಂದು ಅಟ್ಟದ ಮೇಲಿದೆ, ಬರುವ ಭಾನುವಾರ ಹೋಗಿ ನೋಡಬೇಕು.