ಕಲ್ಲು ಸಾಗಿಸಿದವರ ಲೆಕ್ಕ

ಪಿರಮಿಡ್ಡುಗಳನ್ನು ಯಾರು ಕಟ್ಟಿದರು, ಯಾಕೆ ಕಟ್ಟಿದರು ಎಂಬ ಜಗಳ ಪಿರಮಿಡ್ಡುಗಳಷ್ಟಲ್ಲದಿದ್ದರೂ ಸಾಕಷ್ಟು ಹಳೆಯದು. ಕ್ರಿಸ್ತಪೂರ್ವ 5ನೇ ಶತಮಾನದಲ್ಲಿ ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಈಜಿಪ್ಟಿನಲ್ಲಿ ಕೇಳಿ ತಿಳಿದದ್ದನ್ನು ಬರೆದಿಟ್ಟ: ಒಂದು ಲಕ್ಷ ಜನ, ಸರದಿಯ ಮೇಲೆ, 20 ವರ್ಷ. ಅಷ್ಟು ಹೊತ್ತಿಗೆ ಗೀಝಾದಲ್ಲಿರುವ ಖುಫು ರಾಜನ ಮಹಾಪಿರಮಿಡ್ಡಿಗೇ ಎರಡು ಸಾವಿರ ವರ್ಷ ತುಂಬಿತ್ತು. ಮಧ್ಯಯುಗದ ಕ್ರೈಸ್ತರಿಗೆ ಅವು ಬೈಬಲ್ಲಿನ ಜೋಸೆಫ್ ಬರಗಾಲಕ್ಕೆಂದು ಕಟ್ಟಿಸಿದ ಕಣಜಗಳು. ವೆನಿಸ್ಸಿನ ಸೇಂಟ್ ಮಾರ್ಕ್ ಚರ್ಚಿನಲ್ಲಿ ಆ ಚಿತ್ರ ಈಗಲೂ ಇದೆ. ಅರಬ್ ಕತೆಗಾರರ ಪ್ರಕಾರ ಪ್ರಳಯ ಬರುತ್ತದೆಂದು ಕನಸು ಕಂಡ ರಾಜನೊಬ್ಬ ವಿದ್ಯೆಗಳನ್ನೆಲ್ಲ ಅಲ್ಲಿ ಬಚ್ಚಿಟ್ಟ. 1864ರಲ್ಲಿ ಪಿಯಾಝಿ ಸ್ಮಿತ್ ಎಂಬ ಖಗೋಳಶಾಸ್ತ್ರಜ್ಞ, ಮಹಾಪಿರಮಿಡ್ಡಿನ ಅಳತೆ ದೇವರೇ ಕೊಟ್ಟದ್ದು ಎಂದ. ಆ ಮಾತನ್ನು ಪರೀಕ್ಷಿಸಲು 1880ರಲ್ಲಿ ಗೀಝಾಕ್ಕೆ ಹೋದ ಫ್ಲಿಂಡರ್ಸ್ ಪೆಟ್ರಿ ಮೂಲೆ ಮೂಲೆಯನ್ನೂ ಅಳೆದ, ಲೆಕ್ಕ ತಾಳೆಯಾಗಲಿಲ್ಲ. 1968ರಲ್ಲಿ, ಇನ್ನೇನು ಚಂದ್ರನ ಮೇಲೆ ಮನುಷ್ಯ ಕಾಲಿಡಬೇಕು ಎನ್ನುವ ಹೊತ್ತಿಗೆ, ಎರಿಕ್ ಫಾನ್ ಡಾನಿಕೆನ್ ಪುಸ್ತಕದಿಂದಾಗಿ ಅನ್ಯಗ್ರಹದವರೂ ಬಂದಿಳಿದರು. ಯಾವ ಕಾಲಕ್ಕೆ ಯಾವುದರ ಭಯ, ಯಾವುದರ ಆಸೆ ಇತ್ತೋ ಆ ಕಾಲ ಅದನ್ನೇ ಪಿರಮಿಡ್ಡಿನೊಳಗೆ ಇಟ್ಟು ನೋಡಿದೆ.

ಇವುಗಳಲ್ಲಿ ನನಗೆ ಸಹಿಸಲಾಗದ್ದು ಕೊನೆಯದು. ಫ್ರಾನ್ಸಿನ ಕೆಥೆಡ್ರಲ್ ಕಟ್ಟಿದವರು ಅನ್ಯಗ್ರಹದವರೇ ಎಂದು ಯಾರೂ ಕೇಳುವುದಿಲ್ಲ. ರಾಷ್ಟ್ರಕೂಟರ ಕೃಷ್ಣ ಎಲ್ಲೋರಾದಲ್ಲಿ ಬಂಡೆ ಕೊರೆಸಿ ಮಾಡಿಸಿದ ಕೈಲಾಸಕ್ಕೆ ಮಾತ್ರ ಯೂಟ್ಯೂಬಿನಲ್ಲಿ ಅವರ ವಿಮಾನ ತಪ್ಪದೆ ಬರುತ್ತದೆ. ಕೆಲವರ ಅಜ್ಜ ಮುತ್ತಜ್ಜಂದಿರಿಗೆ ಬುದ್ಧಿಯಿತ್ತು ಎಂದು ಒಪ್ಪಲು ಜಗತ್ತಿಗೆ ಯಾಕೋ ಕಷ್ಟ.

ಮನುಷ್ಯರೇ ಕಟ್ಟಿದರು ಎನ್ನುವುದಕ್ಕೆ ದಹಶೂರಿನ ಬಾಗಿದ ಪಿರಮಿಡ್ಡಿಗಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ಸಕ್ಕಾರಾದಲ್ಲಿ ರಾಜ ಜೋಸರನಿಗಾಗಿ ಇಮ್ಹೋಟೆಪ್ ಮೆಟ್ಟಿಲು ಮೆಟ್ಟಿಲಾಗಿ ಎಬ್ಬಿಸಿದ ಆಕಾರವನ್ನು ನುಣುಪು ಇಳಿಜಾರಿಗೆ ತರುವ ಹಟ ಖುಫುವಿನ ತಂದೆ ಸ್ನೆಫ್ರುವಿನದು. ಬಾಗಿದ ಪಿರಮಿಡ್ಡು ಕೆಳಗೆ ಸುಮಾರು 54 ಡಿಗ್ರಿಯಲ್ಲಿ ಏರುತ್ತಾ ಹೋಗಿ, ನಡುವೆ ಥಟ್ಟನೆ 43 ಡಿಗ್ರಿಗೆ ಮಣಿಯುತ್ತದೆ. ಭಾರಕ್ಕೆ ಒಳಗೆ ಬಿರುಕು ಬಂದಿತ್ತು. ಒಳಕೋಣೆಯಲ್ಲಿ ಗೋಡೆಯಿಂದ ಗೋಡೆಗೆ ಕೊಟ್ಟ ದೇವದಾರು ತೊಲೆಗಳು ಇವತ್ತಿಗೂ ಅಲ್ಲೇ ಇವೆ. ಹತ್ತಿರದಲ್ಲೇ ಸ್ನೆಫ್ರು ಕಟ್ಟಿಸಿದ ಕೆಂಪು ಪಿರಮಿಡ್ಡು ಬುಡದಿಂದ ತುದಿಯವರೆಗೂ 43 ಡಿಗ್ರಿ. ಸರಿಯಾದ ನುಣುಪು ಪಿರಮಿಡ್ಡು ಅದೇ ಮೊದಲು. ಬೇರೆ ಲೋಕದಿಂದ ಜ್ಞಾನ ತಂದವರಾದರೆ ಅರ್ಧಕ್ಕೆ ಬಂದ ಮೇಲೆ ಕೋನ ಬದಲಾಯಿಸುತ್ತಿರಲಿಲ್ಲ, ತೊಲೆ ಹುಡುಕಿಕೊಂಡೂ ಹೋಗುತ್ತಿರಲಿಲ್ಲ.

2013ರಲ್ಲಿ ಕೆಂಪು ಸಮುದ್ರದ ದಂಡೆಯ ವಾದಿ ಅಲ್-ಜರ್ಫ್ ಎಂಬಲ್ಲಿ ಪುರಾತತ್ವಜ್ಞ ಪಿಯೆರ್ ತಲ್ಲೆಯವರ ತಂಡಕ್ಕೆ ಪ್ಯಾಪಿರಸ್ ಹಾಳೆಗಳು ಸಿಕ್ಕವು. ಬರಹವಿರುವ ಪ್ಯಾಪಿರಸ್‌ಗಳಲ್ಲಿ ಅವೇ ಅತಿ ಹಳೆಯವು. ಬರೆಸಿದವನು ಸುಮಾರು 40 ಜನರ ಮೇಸ್ತ್ರಿ, ಹೆಸರು ಮೆರೆರ್. ಖುಫುವಿನ ಆಳ್ವಿಕೆಯ ಕೊನೆಯ ವರ್ಷಗಳವು. ನೈಲ್ ನದಿಯಾಚೆಯ ತುರಾದಲ್ಲಿ ಬಿಳಿ ಸುಣ್ಣದ ಕಲ್ಲು ದೋಣಿಗೇರಿಸಿದ್ದು, ರಾತ್ರಿ ತಂಗಿದ್ದು, ಗೀಝಾಕ್ಕೆ ತಲುಪಿಸಿದ್ದು, ಖಾಲಿ ದೋಣಿಯಲ್ಲಿ ವಾಪಸು ಹೊರಟದ್ದು. ಹತ್ತು ದಿನಕ್ಕೆ ಎರಡೋ ಮೂರೋ ಸುತ್ತು. ಉಸ್ತುವಾರಿಯವನ ಹೆಸರೂ ಇದೆ, ಖುಫುವಿನ ಮಲಸಹೋದರ ಅಂಖ್‌ಹಾಫ್. ಹಾಜರಿ ಪುಸ್ತಕದಷ್ಟೇ ನೀರಸ. ರಹಸ್ಯವಿಲ್ಲ, ಮಂತ್ರವಿಲ್ಲ. ಮಹಾಪಿರಮಿಡ್ಡಿನ ಬಗ್ಗೆ ಬಂದ ಸಾವಿರಾರು ಪುಸ್ತಕಗಳಿಗಿಂತ ಈ ನೀರಸ ಬರಹವೇ ನನಗೆ ಹೆಚ್ಚು ಅಲೌಕಿಕ ಅನ್ನಿಸುತ್ತದೆ.

ಇನ್ನು ಉದ್ದೇಶದ ಮಾತು. ಒಳಗೆ ಖಾಲಿ ಶವಪೆಟ್ಟಿಗೆ, ಮುಚ್ಚಳವೂ ಇಲ್ಲ, ಆದ್ದರಿಂದ ಅದು ಗೋರಿಯೇ ಅಲ್ಲ ಎನ್ನುವವರಿದ್ದಾರೆ. ನೆರೆಹೊರೆ ನೋಡಿದರೆ ಅನುಮಾನ ಉಳಿಯುವುದಿಲ್ಲ. ಪಕ್ಕದಲ್ಲಿ ರಾಣಿಯರ ಸಣ್ಣ ಪಿರಮಿಡ್ಡುಗಳು, ಸುತ್ತ ಬಂಧುಗಳ, ಅಧಿಕಾರಿಗಳ ಗೋರಿಗಳ ಸಾಲು, ಬುಡದಲ್ಲೇ ಹೂತಿಟ್ಟಿದ್ದ 43 ಮೀಟರ್ ಉದ್ದದ ದೋಣಿ. ಆದರೆ ಗೋರಿ ಎಂದರೆ ನಮ್ಮ ಮನಸ್ಸಿಗೆ ಬರುವ ಮಣ್ಣು, ಮೌನ ಅವರ ಮನಸ್ಸಿನಲ್ಲಿ ಇರಲಿಲ್ಲ. ಖುಫುವಿನ ನಂತರ ಎರಡು ಶತಮಾನ ಕಳೆದ ಮೇಲೆ ರಾಜ ಉನಾಸನ ಪಿರಮಿಡ್ಡಿನ ಒಳಗೋಡೆಗಳ ತುಂಬ ಕೆತ್ತಿದ ಮಂತ್ರಗಳಲ್ಲಿ, ಸತ್ತ ರಾಜ ಆಕಾಶಕ್ಕೇರಿ ಎಂದೂ ಮುಳುಗದ ಉತ್ತರದ ನಕ್ಷತ್ರಗಳನ್ನು ಸೇರಿಕೊಳ್ಳುತ್ತಾನೆ. ಅಲ್ಲಿ ಸಾವು ಪ್ರಯಾಣದ ಆರಂಭ.

ರಾಜನ ಪ್ರಯಾಣಕ್ಕೆ ನಾಡೆಲ್ಲ ಯಾಕೆ ಕಲ್ಲು ಹೊರಬೇಕು? ಕಟ್ಟಡಕ್ಕಿಂತ ಕಟ್ಟುವ ಕೆಲಸವೇ ಮುಖ್ಯ, ಚದುರಿದ ಊರುಗಳನ್ನು ಅದೇ ಒಂದು ರಾಜ್ಯವಾಗಿ ಬೆಸೆಯಿತು ಎಂದು ಭೌತವಿಜ್ಞಾನಿ ಕರ್ಟ್ ಮೆಂಡೆಲ್ಸನ್ 1974ರಲ್ಲಿ ವಾದಿಸಿದರು. ಅರ್ಧ ಸತ್ಯವಿದೆ. ಧಾನ್ಯ ಬೆಳೆದು ತರಬೇಕು, ರೊಟ್ಟಿ ಬೇಯಬೇಕು, ದೋಣಿ ಬರಬೇಕು, ಲೆಕ್ಕ ಬರೆಯಬೇಕು, ಅದೇ ಸರ್ಕಾರ. ಆದರೆ ಅದೇ ಉದ್ದೇಶ ಎಂದುಬಿಟ್ಟರೆ ಅವರ ನಂಬಿಕೆಯನ್ನು ಲೆಕ್ಕದಿಂದ ಬಿಟ್ಟಂತೆ. ಖುಫುವಿನ ಪಿರಮಿಡ್ಡಿನ ಎತ್ತರ ಕಟ್ಟಿದಾಗ 146 ಮೀಟರ್. ಮೊಮ್ಮಗ ಮೆಂಕೌರೆಯದು 65. ನಂಬಿಕೆ ಉಳಿದೇ ಇತ್ತು. ನಾಡಿನ ತೋಳಬಲ ಸಾಲದಾಗಿತ್ತು ಎಂದು ನನ್ನ ಊಹೆ.

1990ರಲ್ಲಿ ಗೀಝಾದಲ್ಲಿ ಕುದುರೆಯೊಂದು ಮಣ್ಣಿಟ್ಟಿಗೆಯ ಗೋಡೆಗೆ ಎಡವಿತು. ಅಗೆದರೆ ಕೆಲಸಗಾರರ ಸ್ಮಶಾನ. ಬೆನ್ನು, ಮೊಣಕಾಲು ಸವೆದ ಎಲುಬುಗಳು. ಕೈಕಾಲು ಮುರಿದಾಗ ಯಾರೋ ನೆಟ್ಟಗೆ ಕೂರಿಸಿ ಕಟ್ಟಿದ್ದರಿಂದ ಕೂಡಿಕೊಂಡ ಎಲುಬುಗಳು. ಜತೆಗೆ ರೊಟ್ಟಿ, ಬಿಯರಿನ ಗಡಿಗೆಗಳು. ಗುಲಾಮರಿಗೆ ರಾಜನ ಗೋರಿಯ ಮಗ್ಗುಲಲ್ಲಿ ಹೀಗೆ ಜಾಗ ಸಿಗುವುದಿಲ್ಲ. ಹಾಗೆಂದು ಎಲ್ಲರೂ ಮನಸಾರೆ ಬಂದರು ಎಂದೂ ಹೇಳುವಂತಿಲ್ಲ. ಹೊಟ್ಟೆಗೆ ಹಾಕಿ ಮಾಡಿಸಿಕೊಂಡರೂ ಬಿಟ್ಟಿ ಚಾಕರಿ ಬಿಟ್ಟಿ ಚಾಕರಿಯೇ. ಇದು ಮನುಷ್ಯರ ಕೈಲಾಗುವ ಕೆಲಸವಲ್ಲ ಎಂದು ಮುಂದೆ ಯಾರಾದರೂ ನಿಮ್ಮೆದುರು ಹೇಳಿದರೆ, ಆ ಸವೆದ ಬೆನ್ನೆಲುಬುಗಳ ಸುದ್ದಿಯನ್ನು ಅವರಿಗೆ ತಿಳಿಸಿ.